ಗೋಡೆಯಿಲ್ಲದ ಟ್ಯಾಂಕು

ಹಳೆಯ ಪೆಟ್ರೋಲಿಗೆ ಪೆಟ್ರೋಲಿನ ವಾಸನೆ ಇರುವುದಿಲ್ಲ. ವರ್ಷಗಟ್ಟಲೆ ಮುಚ್ಚಿಟ್ಟ ಟ್ಯಾಂಕಿನ ಮುಚ್ಚಳ ತೆಗೆದರೆ ಒಣಗಿದ ವಾರ್ನಿಷ್ ಡಬ್ಬಿ ತೆಗೆದ ಹಾಗೆ, ಏನೋ ಹುಳಿತ ಹಾಗೆ, ಮೂಗಿನ ಬುಡಕ್ಕೆ ಚುಚ್ಚುವ ಒಂದು ನಾತ ಬರುತ್ತದೆ. ಕಳೆದ ಚಳಿಗಾಲದಲ್ಲಿ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಒಂದು ವಸತಿ ಸೊಸೈಟಿಯ ಪಾರ್ಕಿಂಗಿನಲ್ಲಿ ಮಂಡಿಯೂರಿ ಕೂತು ಅಂಥ ಒಂದು ಮುಚ್ಚಳ ತಿರುಗಿಸಿದೆ. ಎಪ್ಪತ್ತೆಂಟು ವರ್ಷದ ಮಂಡಿ. ನಾತ ಮುಖಕ್ಕೆ ಹೊಡೆದದ್ದೇ ತಡ, ಅಲ್ಲೇ ನೆಲಕ್ಕೆ ಕೂತುಬಿಟ್ಟೆ.

ಪಕ್ಕದಲ್ಲಿ ನಿಂತಿದ್ದ ರಘೋತ್ತಮರಾಯರು ಗಾಬರಿಯಾದರು. "ಯಾಕ್ರೀ ರುದ್ರಪ್ನೋರೆ, ತಲೆ ಸುತ್ತು ಬಂತೇ? ನೀರು ತರಿಸ್ಲಾ?"

ತಲೆ ಸುತ್ತು ಬಂದಿರಲಿಲ್ಲ. ಆ ಟ್ಯಾಂಕು ಮಾಡಿದವನು ನಾನು. ಅದರೊಳಗೆ ಏನಿಲ್ಲ ಅನ್ನುವುದು ಇಡೀ ಭೂಮಿಯ ಮೇಲೆ ನನಗೊಬ್ಬನಿಗೆ ಗೊತ್ತಿತ್ತು.

ಇಲ್ಲಿನ ನಮ್ಮ ಕನ್ನಡ ಸಂಘದ ಸಂಚಿಕೆಗೆ ಹಳೆಯ ನೆನಪು ಬರೆದುಕೊಡಿ ಎಂದು ನೀವು ನಾಲ್ಕು ವರ್ಷದಿಂದ ಕೇಳುತ್ತಿದ್ದೀರಿ. ಬರೆಯುತ್ತಿದ್ದೇನೆ. ಆದರೆ ಇದು ನೀವು ಕೇಳಿದಂಥ ನೆನಪಲ್ಲ. ನಮ್ಮ ಸಂಘದಲ್ಲಿ ಒಂದು ಮಾತು ಓಡಾಡುತ್ತದೆ. ರಾಜ್ಯೋತ್ಸವದ ದಿನ ಮೈಕು ಕೈಕೊಟ್ಟರೆ, ಅಡುಗೆಯ ಒಲೆ ಹತ್ತದಿದ್ದರೆ, ನಾಟಕದಲ್ಲಿ ಯಾರಾದರೂ ಮಾತು ಮರೆತು ನಿಂತರೆ, ಯಾರೋ ಒಬ್ಬರು "ಮನ್‌ಸುಖನ ಕಾರ್ಬೊರೇಟರ್!" ಅನ್ನುತ್ತೀರಿ, ಉಳಿದವರು ನಗುತ್ತೀರಿ. ಇಲ್ಲೇ ಹುಟ್ಟಿ ಬೆಳೆದು ನಾಲ್ಕು ಸಾಲು ಕನ್ನಡ ನೆಟ್ಟಗೆ ಆಡಲು ಬಾರದ ಮಕ್ಕಳ ಬಾಯಲ್ಲೂ ಈ ಮಾತಿದೆ. ಅದನ್ನು ಹುಟ್ಟಿಸಿದವನು ನಾನು. ಅದು ಸುಳ್ಳು. ಆ ಸುಳ್ಳು ಹುಟ್ಟಿದ ಮೂರು ತಿಂಗಳ ಕತೆ ಇದು.

ಅದು 2003ರ ದಸರೆಯ ಹೊತ್ತು. ನಾನಾಗ ಚಾಂದ್‌ಖೇಡಾದ ಎಣ್ಣೆ ಕಂಪನಿಯ ವಾಹನಗಳ ವರ್ಕ್‌ಶಾಪಿನಲ್ಲಿ ಫೋರ್ಮನ್. ಓದಿದ್ದು ಹರಿಹರದಲ್ಲಿ ಎಸ್ಸೆಸ್ಸೆಲ್ಸಿವರೆಗೆ, ಕಲಿತದ್ದೆಲ್ಲ ಕೈಯಿಂದ. ರಘೋತ್ತಮರಾಯರು ಮೈಸೂರಿನವರು, ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಅವರಿಗೆ ಇದ್ದದ್ದು ಒಂದೇ ಹುಚ್ಚು: ತಮ್ಮ ಕೈಯಾರೆ ಒಂದು ಸ್ಪೋರ್ಟ್ಸ್ ಕಾರು ಕಟ್ಟಬೇಕು. ಇಬ್ಬರೇ ಕೂರುವ, ಮೊಣಕಾಲೆತ್ತರದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಕಾರು. ನಾಲ್ಕು ವರ್ಷ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದಿದ್ದರು. ಕಬ್ಬಿಣದ ಕೊಳವೆಗಳ ಚೌಕಟ್ಟು, ಹಳೆಯ ಕಾರಿನ ಎಂಜಿನ್, ಮೇಲೆ ಫೈಬರಿನ ಮೈ. ಸೊಸೈಟಿಯವರು "ರಾವ್‌ಸಾಹೇಬರ ಆಮೆ" ಅಂತ ಕರೆಯುತ್ತಿದ್ದರು.

ಎಂಜಿನ್ ಕೆಲಸಕ್ಕೆ ಒಬ್ಬ ಗುಜರಾತಿ ಮೆಕ್ಯಾನಿಕ್ ಬರುತ್ತಿದ್ದರು, ಮನ್‌ಸುಖ್‌ಭಾಯಿ. ಈಗ 'ಬರುತ್ತಿದ್ದರು' ಅಂತ ಬರೆಯುತ್ತಿದ್ದೇನೆ. ಆಗ ನನ್ನ ಬಾಯಲ್ಲಿ ಅವರು 'ಮನ್‌ಸುಖ್', 'ಅವನು'. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ರಸ್ತೆ ಬದಿಯ ಸಣ್ಣ ಗ್ಯಾರೇಜು, ಒಂದು ಕಬ್ಬಿಣದ ಪೆಟ್ಟಿಗೆ ಸಾಮಾನು. ಆದರೆ ಅವರ ಕಿವಿ! ಮೀಟರ್ ಇಲ್ಲ, ಯಂತ್ರ ಇಲ್ಲ. ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಕಾರ್ಬೊರೇಟರಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, "ಬಸ್" ಅಂದರೆ ಮುಗಿಯಿತು. ಸ್ಯಾಟಲೈಟಿನ ದೊಡ್ಡ ದೊಡ್ಡ ಮಂದಿ ಕಾರ್ಬೊರೇಟರಿಗಾಗಿ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರ ಆಸ್ತಿಯೆಂದರೆ ಆ ಹೆಸರೊಂದೇ.

ಟ್ಯಾಂಕು ಮಾಡುವ ಕೆಲಸ ರಾಯರು ನನಗೆ ಒಪ್ಪಿಸಿದರು. ಕಾರು ಕುಳ್ಳಗಿದ್ದದ್ದರಿಂದ ಟ್ಯಾಂಕೂ ಚಪ್ಪಟೆಯಾಗಿ, ಅಗಲವಾಗಿ ಸೀಟಿನ ಹಿಂದೆ ಮಲಗಬೇಕಿತ್ತು. ಇಪ್ಪತ್ತು ದಿನ ಹಿಡಿಯಿತು. ಬೆಸುಗೆ ಹೇಗೆ ಬಂದಿತ್ತೆಂದರೆ, ಮೀನಿನ ಹುರುಪೆ ಒಂದರ ಮೇಲೊಂದು ಜೋಡಿಸಿದ ಹಾಗೆ. ನನ್ನ ಜೀವಮಾನದ ಅತ್ಯುತ್ತಮ ಬೆಸುಗೆ ಅದು. ಈಗಲೂ ಹಾಗೇ ಹೇಳುತ್ತೇನೆ. ಆ ಬೆಸುಗೆಯೇ ನನ್ನನ್ನು ಕೆಡಿಸಿದ್ದು.

ದಸರೆಯ ಬೆಳಿಗ್ಗೆ, ಊರೆಲ್ಲ ಫಾಫ್‌ಡಾ ಜಲೇಬಿಗೆ ಸಾಲು ನಿಂತಿರುವ ಹೊತ್ತಿನಲ್ಲಿ, ಟ್ಯಾಂಕಿಗೆ ಕುಂಕುಮ ಹಚ್ಚಿ ತೆಗೆದುಕೊಂಡು ಹೋದೆ. ರಾಯರು ಬೆಸುಗೆಯ ಮೇಲೆ ಬೆರಳಾಡಿಸಿ "ಏನ್ ಕೈಯ್ರೀ ನಿಮ್ದು!" ಅಂದರು. ಮನ್‌ಸುಖ್‌ಭಾಯಿ ಜಲೇಬಿಯ ಪಾಕ ಅಂಟಿದ ಕೈ ಒರೆಸಿಕೊಂಡು ಬಂದು, ಬೆರಳ ಗೆಣ್ಣಿನಿಂದ ಟ್ಯಾಂಕಿಗೆ ಎರಡು ಸಲ ತಟ್ಟಿದರು. ಕಿವಿ ಕೊಟ್ಟರು.

"ಒಳಗೆ ಗೋಡೆ ಇಲ್ಲ, ರುದ್ರಾಭಾಯ್."

"ಗೋಡೆ ಯಾಕೆ? ಟ್ಯಾಂಕು ಮಾಡಿದೀನಿ, ಮನೆ ಕಟ್ಟಿಲ್ಲ."

ಅವರು ನಗಲಿಲ್ಲ. ಮುಂದಿದ್ದ ಫಾಫ್‌ಡಾದ ತಟ್ಟೆ ಖಾಲಿ ಮಾಡಿ, ಅದರಲ್ಲಿ ಒಂದಿಷ್ಟು ಚಹಾ ಸುರಿದು, ತಟ್ಟೆ ಹಿಡಿದುಕೊಂಡು ಗರ್ರನೆ ತಿರುಗಿದರು. ಚಹಾ ಎಲ್ಲ ಒಂದು ಅಂಚಿಗೆ ಓಡಿ ನಡುವೆ ತಟ್ಟೆ ಒಣಗಿ ನಿಂತಿತು. "ನೋಡಿ, ಪೆಟ್ರೋಲ್ ಹೀರೋ ಪೈಪಿನ ಬಾಯಿ ಇಲ್ಲಿದೆ, ನಡುವೆ. ನೇರ ಹೋಗುವಾಗ ತೊಂದರೆ ಇಲ್ಲ. ಟ್ಯಾಂಕು ತುಂಬಿದ್ದರೂ ತೊಂದರೆ ಇಲ್ಲ. ಅರ್ಧ ಖಾಲಿಯಾದ ಮೇಲೆ ಸರ್ಕಲ್ಲಿನಲ್ಲಿ ಜೋರಾಗಿ ತಿರುಗಿಸಿದರೆ ಪೆಟ್ರೋಲ್ ಎಲ್ಲ ಒಂದು ಬದಿಗೆ. ಪೈಪು ಗಾಳಿ ಕುಡಿಯುತ್ತೆ. ಎಂಜಿನ್ ಉಪವಾಸ."

ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಬರೆದರು. ಟ್ಯಾಂಕಿನೊಳಗೆ ಎರಡು ಅಡ್ಡಗೋಡೆ, ಕೆಳಗೆ ಸಣ್ಣ ತೂತು. ನಡುವೆ, ಪೈಪಿನ ಬಾಯಿಯ ಸುತ್ತ, ಒಂದು ಚಿಕ್ಕ ಲೋಟಾ. ಅದರ ಬುಡದಲ್ಲೂ ಸಣ್ಣ ತೂತು. ಪೆಟ್ರೋಲ್ ಒಳಗೆ ಬರುತ್ತದೆ, ಆದರೆ ಒಮ್ಮೆಲೇ ಓಡಿಹೋಗಲಾರದು. ಕಾರು ಎಷ್ಟೇ ತಿರುಗಲಿ, ಲೋಟಾದಲ್ಲಿ ನಾಲ್ಕು ಗುಟುಕು ಇದ್ದೇ ಇರುತ್ತದೆ.

"ಲೋಟಾನಾ?" ಅಂದೆ ನಾನು, ರಾಯರ ಕಡೆ ತಿರುಗಿ, ಕನ್ನಡದಲ್ಲಿ. "ಕಾರು ಬೆಳಗಾಗೆದ್ದು ಬಯಲಿಗೆ ಹೋಗ್ತದೇನ್ರೀ, ಲೋಟಾ ಹಿಡ್ಕೊಂಡು?"

ರಾಯರು ನಕ್ಕರು, ಆದರೂ ಸೀಮೆಸುಣ್ಣದ ಚಿತ್ರವನ್ನು ಬಹಳ ಹೊತ್ತು ನೋಡಿ, "ಇಲ್ಲ ರುದ್ರಪ್ನೋರೆ, ಅವರು ಹೇಳೋದು ಸರಿ. ನನಗೇ ಹೊಳೀಬೇಕಿತ್ತು. ಹಾಕಿಬಿಡಿ" ಅಂದರು.

ಹಾಕಬೇಕಾದರೆ ನನ್ನ ಬೆಸುಗೆಯನ್ನು ಕೊಯ್ಯಬೇಕು. ಟ್ಯಾಂಕನ್ನು ಚಾಂದ್‌ಖೇಡಾದ ಕ್ವಾರ್ಟರ್ಸಿಗೆ ತಂದು ಹಿತ್ತಲಲ್ಲಿಟ್ಟುಕೊಂಡೆ. ದಿನಾ ಸಂಜೆ ಅದರ ಮುಂದೆ ಕೂರುತ್ತಿದ್ದೆ. ಮೂವತ್ತು ವರ್ಷ ಲಾರಿ, ಜೀಪು, ಟ್ಯಾಂಕರ್ ರಿಪೇರಿ ಮಾಡಿದವನಿಗೆ, ಸಹಿ ಹಾಕಲು ಹೆಬ್ಬೆಟ್ಟು ಒತ್ತುವವನೊಬ್ಬ ಪಾಠ ಹೇಳುವುದೇ? ನೋಡಿ, ನನ್ನ ಕೆಟ್ಟತನ ಎಷ್ಟು ಚೆಂದದ್ದು: ಎಂಜಿನಿಯರುಗಳು ನನ್ನನ್ನು 'ಬರೀ ಎಸ್ಸೆಸ್ಸೆಲ್ಸಿ' ಅಂದಾಗ ರಕ್ತ ಕುದಿಯುತ್ತಿತ್ತು. ಅದೇ ರಕ್ತ ಹೊತ್ತುಕೊಂಡು ನನಗಿಂತ ಒಂದು ಮೆಟ್ಟಿಲು ಕೆಳಗಿದ್ದವರ ತಲೆಯ ಮೇಲೆ ಕಾಲಿಟ್ಟೆ.

ಎಂಟು ದಿನ ಬಿಟ್ಟು ನಾನು ಮಾಡಿದ್ದು ಇಷ್ಟು. ಗೋಡೆಯನ್ನು ಒಳಗೆ ಹಿಡಿದಿಟ್ಟಂತೆ ಕಾಣಲಿ ಎಂದು ಟ್ಯಾಂಕಿನ ಹೊರಮೈ ಮೇಲೆ ಎರಡು ಸಾಲು ಸುಳ್ಳು ಬೆಸುಗೆಯ ಚುಕ್ಕೆ ಇಟ್ಟೆ. ಮೇಲೆ ಹೊಸ ಬಣ್ಣ ಹೊಡೆದೆ. ಆಮೇಲೆ, ಯಾರಾದರೂ ತಟ್ಟಿದರೆ ಸದ್ದು ಬರಬಾರದೆಂದು, ಆ ಚುಕ್ಕೆಗಳಷ್ಟೇ ಕಾಣುವ ಹಾಗೆ ಬಿಟ್ಟು ಸುತ್ತಲೂ ದಪ್ಪ ಫೆಲ್ಟ್ ಬಟ್ಟೆ ಅಂಟಿಸಿದೆ. 'ಯಾರಾದರೂ' ಏನು, ಒಬ್ಬರೇ ಒಬ್ಬರ ಕಿವಿಗಾಗಿ.

ನನ್ನ ಹೆಂಡತಿ ಗೌರಮ್ಮ ಬಟ್ಟೆ ಒಣಹಾಕುತ್ತ ಕೇಳಿದಳು: "ಒಳಗೆ ಏನೋ ಗೋಡೆ ಕೂಡಿಸ್ಬೇಕು ಅಂತಿದ್ರಿ. ನೀವು ಕೊಯ್ದಿದ್ದೇ ನಾನು ನೋಡ್ಲಿಲ್ಲವಲ್ಲ?"

"ನಿಂಗೇನ್ ತಿಳೀತದೆ ಅದೆಲ್ಲ, ಸುಮ್ನಿರು."

ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ಈಗ ಅವಳಿಲ್ಲ. ಆ ಪ್ರಶ್ನೆ ಇದೆ.

ಟ್ಯಾಂಕು ಕೂಡಿಸುವ ದಿನ ಮನ್‌ಸುಖ್‌ಭಾಯಿ ಮತ್ತೆ ತಟ್ಟಿದರು. ಫೆಲ್ಟ್ ಮೇಲೆ ಧಪ್ ಧಪ್ ಅಂತಷ್ಟೇ ಬಂತು. ಹುಬ್ಬು ಗಂಟಿಕ್ಕಿ ನನ್ನ ಮುಖ ನೋಡಿದರು.

"ಬಿಸಿ ತಾಗದಿರಲಿ ಅಂತ ಸುತ್ತಿದೀನಿ" ಅಂದೆ.

"ಗೋಡೆ?"

"ಎರಡು. ಲೋಟಾ ಕೂಡ."

"ರುದ್ರಾಭಾಯ್ ಹೇಳಿದ ಮೇಲೆ ಆಯಿತು" ಅಂದರು. ಬೋಲ್ಟು ಬಿಗಿದರು.

ಜನವರಿಯಲ್ಲಿ ಉತ್ತರಾಯಣ ಬಂತು. ಗಾಳಿಪಟದ ಎರಡು ದಿನ ಊರಿಗೆ ಊರೇ ತಾರಸಿ ಹತ್ತಿ ಕೂತಿತ್ತು. ಅದು ಮುಗಿದ ಮರುದಿನವೇ ಕಾರಿನ ಪರೀಕ್ಷೆ. ವಡೋದರಾದ ಹೊರಗೆ ಮುಚ್ಚಿಹೋದ ಕಾರ್ಖಾನೆಯೊಂದರ ದೊಡ್ಡ ಅಂಗಳ. ಅಲ್ಲಿಗೆ ಸೂರತ್ತಿನಿಂದ ಒಬ್ಬ ವಜ್ರದ ಸೇಠು ಬರುವವನಿದ್ದ. ಕಾರು ಚೆನ್ನಾಗಿ ಓಡಿದರೆ ಅಂಥವೇ ಮೂರು ಮಾಡಿಸುತ್ತೇನೆ, ಮನ್‌ಸುಖ್‌ಭಾಯಿಗೆ ಸೂರತ್ ರಸ್ತೆಯಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ. ಮನ್‌ಸುಖ್‌ಭಾಯಿ ಆ ದಿನಕ್ಕೆಂದು ಹೊಸ ಅಂಗಿ ಹೊಲಿಸಿದ್ದರು.

ಟ್ಯಾಂಕು ತುಂಬಿಸಿಕೊಂಡು ಅಹಮದಾಬಾದಿನಿಂದ ಹೊರಟೆವು. ಮುಂದೆ ರಾಯರು ಕಾರಿನಲ್ಲಿ, ಹಿಂದೆ ನಾನೂ ಮನ್‌ಸುಖ್‌ಭಾಯಿಯೂ ಜೀಪಿನಲ್ಲಿ. ನೆಟ್ಟಗಿನ ಹೆದ್ದಾರಿ. ಮರಗಳಿಗೆ ಸಿಕ್ಕಿಕೊಂಡ ಗಾಳಿಪಟಗಳು. ಕಾರು ಹೇಗೆ ಹೋಯಿತು ಅಂತೀರಿ! ಮನ್‌ಸುಖ್‌ಭಾಯಿ ಜೀಪಿನ ಕಿಟಕಿಯಿಂದ ಕಿವಿ ಹೊರಗೆ ಹಾಕಿ ಅದರ ಸದ್ದು ಕೇಳುತ್ತ ಇಡೀ ದಾರಿ ಮುಗುಳ್ನಗುತ್ತಿದ್ದರು. "ಕೇಳಿದಿರಾ ರುದ್ರಾಭಾಯ್? ಮಗು ಹೊಟ್ಟೆ ತುಂಬಿ ಮಲಗಿದ ಹಾಗೆ ಉಸಿರಾಡ್ತಿದೆ." ನನಗೂ ಧೈರ್ಯ ಬಂತು. ಗೋಡೆ ಅಂತೆ, ಲೋಟಾ ಅಂತೆ!

ವಡೋದರಾ ಮುಟ್ಟುವ ಹೊತ್ತಿಗೆ ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿದಿತ್ತು.

ಅಂಗಳದಲ್ಲಿ ಡಬ್ಬಿಗಳನ್ನಿಟ್ಟು ಸುತ್ತು ಗುರುತು ಮಾಡಿದ್ದರು. ಸೇಠು ಕುರ್ಚಿ ಹಾಕಿಸಿಕೊಂಡು ಕಡಲೆ ಚಿಕ್ಕಿ ಕಡಿಯುತ್ತ ಕೂತಿದ್ದ. ರಾಯರು ಕಾರನ್ನು ಜೋರಾಗಿ ತಂದರು, ತಿರುಗಿಸಿದರು. ಅರ್ಧ ಸುತ್ತಿಗೆ ಎಂಜಿನ್ ಕೆಮ್ಮಿತು, ಬಿಕ್ಕಿತು, ಸತ್ತಿತು. ಕಾರು ನಿಂತ ಕೂಡಲೇ ಪೆಟ್ರೋಲ್ ನಡುವಿಗೆ ಮರಳಿರಬೇಕು. ಕೀಲಿ ತಿರುಗಿಸಿದರೆ ಏನೂ ಆಗದ ಹಾಗೆ ಹತ್ತಿತು. ಮತ್ತೆ ಸುತ್ತು. ಮತ್ತೆ ಸತ್ತಿತು.

ಮನ್‌ಸುಖ್‌ಭಾಯಿ ಕಾರ್ಬೊರೇಟರ್ ಬಿಚ್ಚಿದರು. ಅದರೊಳಗೂ ಒಂದು ಪುಟ್ಟ ತೊಟ್ಟಿ ಇರುತ್ತದೆ, ಅದರಲ್ಲಿ ತೇಲುವ ಒಂದು ಬುರುಡೆ. ತಿರುವಿನಲ್ಲಿ ಅದು ಸಿಕ್ಕಿಕೊಂಡರೂ ಎಂಜಿನ್ ಹೀಗೇ ಸಾಯುತ್ತದೆ. ಬುರುಡೆ ನೋಡಿದರು, ಸರಿ ಇತ್ತು. ಕೂಡಿಸಿದರು. ಕಾರು ಸತ್ತಿತು. ಮತ್ತೆ ಬಿಚ್ಚಿದರು. ಏಳು ಸಲ. ಬಿಸಿ ಎಂಜಿನ್ನಿಗೆ ತಾಗಿ ಬೆರಳ ಮೇಲೆ ಬೊಬ್ಬೆ ಎದ್ದವು. ಹೊಸ ಅಂಗಿ ಎಣ್ಣೆಯಾಯಿತು.

ಸೇಠು ನಗಲು ಶುರುಮಾಡಿದ. "ಮನ್‌ಸುಖ್, ಈ ಗಾಡಿ ಹೋಗುತ್ತೆ, ತಿರುಗಿ ಬರಲ್ಲ. ಹೆಂಡತಿ ಕಾಟ ಇರೋರಿಗೆ ಮಾರು!" ಅವನ ಜೊತೆಗೆ ಬಂದವರೂ ನಕ್ಕರು. ನಾನೂ ನಕ್ಕೆ. ಹೌದು, ನಾನೂ.

ಆಗ ಮನ್‌ಸುಖ್‌ಭಾಯಿ ನನ್ನ ಹತ್ತಿರ ಬಂದರು. ಯಾರಿಗೂ ಕೇಳದ ಹಾಗೆ, ನನ್ನ ಮರ್ಯಾದೆ ಹೋಗಬಾರದೆಂದು ಅಷ್ಟು ಮೆಲ್ಲಗೆ ಕೇಳಿದರು. "ರುದ್ರಾಭಾಯ್, ತುಂಬಿದ್ದಾಗ ಸರಿ ಇತ್ತು, ನೇರ ಸರಿ ಇತ್ತು. ಗೋಡೆ ಹಾಕಿದ್ದೀರಲ್ಲ?"

ಆ ಹೊತ್ತಿಗೆ ಒಂದು ಮಾತು ಸಾಕಿತ್ತು. 'ಇಲ್ಲ' ಅಂದಿದ್ದರೆ ಪೆಟ್ರೋಲ್ ತುಂಬಿಸಿಕೊಂಡು ಬಂದು ಮತ್ತೊಂದು ಸುತ್ತು ಹೊಡೆಯಬಹುದಿತ್ತು, ಸೇಠಿಗೆ ತೋರಿಸಬಹುದಿತ್ತು, ಅವರ ವರ್ಕ್‌ಶಾಪ್ ಉಳಿಯುತ್ತಿತ್ತು. ನನಗೆ ಹೋಗುವುದು ಏನಿತ್ತು? ಒಂದು ಬೆಸುಗೆಯ ಜಂಬ.

"ಮೂವತ್ತು ವರ್ಷದ ಕೆಲಸದ ಮೇಲೆ ಆಣೆ" ಅಂದೆ. ಆಮೇಲೆ, ಎಲ್ಲರಿಗೂ ಕೇಳುವ ಹಾಗೆ, ಗಟ್ಟಿಯಾಗಿ: "ಟ್ಯಾಂಕಿನ ಮಾತೇ ಬೇಡ. ಕಾರ್ಬೊರೇಟರ್ ಕೈಲಾಗದಿದ್ರೆ ಹಾಗಂತ ಹೇಳು."

ಅವರು ಎಂಟನೆಯ ಸಲ ಬಿಚ್ಚಲಿಲ್ಲ. ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಹಾಕಿ, ತಮ್ಮ ಕೈಯನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಯಾರದೋ ಕೈ ನೋಡಿದ ಹಾಗೆ.

ವಾಪಸು ಬರುವಾಗ ಟ್ಯಾಂಕು ತುಂಬಿಸಿದೆವು. ಕಾರು ಒಂದು ಸಲವೂ ಕೆಮ್ಮದೆ ಅಹಮದಾಬಾದ್ ಸೇರಿತು. ಜೀಪಿನಲ್ಲಿ ಮನ್‌ಸುಖ್‌ಭಾಯಿ ಕಿಟಕಿಯ ಗಾಜು ಏರಿಸಿಕೊಂಡು ಕೂತಿದ್ದರು.

ಸೇಠು ನಕ್ಕದ್ದು ಸೂರತ್ತಿನಲ್ಲೇ ನಿಲ್ಲಲಿಲ್ಲ. ಸ್ಯಾಟಲೈಟಿನ ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟರು. ಗಿರಾಕಿಗಳು ಬಿಡುವ ಮೊದಲೇ ಅವರು ತಮ್ಮ ಕಿವಿಯನ್ನು ನಂಬುವುದು ಬಿಟ್ಟಿದ್ದರಂತೆ. ಸ್ಕ್ರೂ ತಿರುಗಿಸಿ, "ಬಸ್" ಅನ್ನದೆ, "ಸರಿ ಇದೆಯಾ ನೋಡಿ ಸಾಹೇಬ್" ಅನ್ನುತ್ತಿದ್ದರಂತೆ. ಮೆಕ್ಯಾನಿಕ್ ಹಾಗೆ ಕೇಳಿದರೆ ಯಾರು ಗಾಡಿ ಕೊಡುತ್ತಾರೆ? ಮಳೆಗಾಲಕ್ಕೆ ಮೊದಲೇ ಗ್ಯಾರೇಜು ಮುಚ್ಚಿ, ಸೂರತ್ತಿನಲ್ಲಿ ತಮ್ಮನಿದ್ದ ಮಗ್ಗದ ಕಾರ್ಖಾನೆಗೆ ಮೋಟರ್ ರಿಪೇರಿಗೆ ಹೋದರು. ರಾಯರೂ ಎರಡು ಸಲ ಕಾರ್ಬೊರೇಟರ್ ಬದಲಾಯಿಸಿ ನೋಡಿ ಕಾರಿಗೆ ಟಾರ್ಪಾಲು ಹೊದೆಸಿದರು. ಇನ್ನೆಷ್ಟು ಕಾರ್ಬೊರೇಟರ್ ಬದಲಾಯಿಸುವುದು ಅಂದರು.

ನಾನು ಮಾತ್ರ ಈ ಕತೆಯನ್ನು ಸಂಘದ ಊಟದ ಪಂಕ್ತಿಗಳಲ್ಲಿ ಬಡಿಸಿದೆ. ಏಳು ಸಲ ಬಿಚ್ಚಿದ್ದನ್ನು ಕೈ ತಿರುವಿ ತೋರಿಸುತ್ತಿದ್ದೆ. ನೀವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. "ಇನ್ನೊಂದ್ಸಲ ಹೇಳ್ರೀ ರುದ್ರಪ್ಪ" ಅನ್ನುತ್ತಿದ್ದಿರಿ. ನಾನು ಇನ್ನೊಂದು ಸಲ ಹೇಳುತ್ತಿದ್ದೆ. ಇಪ್ಪತ್ತು ವರ್ಷ ಹೇಳಿದೆ.

ಕಳೆದ ಚಳಿಗಾಲದಲ್ಲಿ ಆ ಸೊಸೈಟಿಯನ್ನು ಕೆಡವಿ ಹೊಸದು ಕಟ್ಟುವುದೆಂದಾಯಿತು. ಪಾರ್ಕಿಂಗ್ ಖಾಲಿ ಮಾಡಬೇಕು. ರಾಯರು ಫೋನ್ ಮಾಡಿದರು. "ಕಾರು ಗುಜರಿಗೆ ಹೋಗ್ತಿದೆ ರುದ್ರಪ್ನೋರೆ. ನಿಮ್ಮ ಟ್ಯಾಂಕು ಮಾತ್ರ ಗುಜರಿಗೆ ಹಾಕೋಕೆ ಮನಸ್ಸು ಬರಲ್ಲ. ಅಂಥ ಬೆಸುಗೆ. ಬಂದು ಬಿಚ್ಚಿಕೊಂಡು ಹೋಗಿ."

ಹೀಗೆ ಆ ಮುಚ್ಚಳ ತಿರುಗಿಸಿದೆ. ನಾತ ಬಂತು. ನೆಲದ ಮೇಲೆ ಕೂತಲ್ಲೇ ಎಲ್ಲ ಹೇಳಿದೆ.

ರಾಯರು ಮೃದು ಮನುಷ್ಯ. ಅವರ ದನಿ ಏರಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. "ನನ್ನ ನಾಲ್ಕು ವರ್ಷ ಹೋಯ್ತು, ಹೋಗಲಿ. ಆ ಮನುಷ್ಯ ನನ್ನೆದುರಿಗೆ ಏಳು ಸಲ ಕೈ ಸುಟ್ಟುಕೊಂಡರು. ನಾನು ಅವರಿಗೆ 'ಇರಲಿ ಬಿಡಿ' ಅಂದೆ, ದಯೆ ತೋರಿಸೋ ಹಾಗೆ! ಇದನ್ನ ಹೊಟ್ಟೇಲಿಟ್ಕೊಂಡು ನಮ್ಮನೇಲಿ ಎಷ್ಟು ಸಲ ಊಟ ಮಾಡಿದ್ರಿ, ರುದ್ರಪ್ಪ?" 'ಅವರೆ' ಬಿಟ್ಟುಹೋಯಿತು. ಸರಿಯಾಗಿಯೇ ಬಿಟ್ಟುಹೋಯಿತು.

ವಾರ ಬಿಟ್ಟು, ತೊಳೆದು ಒಣಗಿಸಿದ ಟ್ಯಾಂಕನ್ನು ರಾಯರು ಈಗ ಓಡಿಸುವ ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಸೂರತ್ತಿಗೆ ಹೋದೆವು. ಗಲ್ಲಿಯ ಎರಡೂ ಬದಿ ಮಗ್ಗದ ಶೆಡ್ಡುಗಳು. ಖಟಖಟ ಖಟಖಟ, ಎದೆಯೊಳಗೆ ಬಡಿಯುವ ಸದ್ದು. ಮನ್‌ಸುಖ್‌ಭಾಯಿ ಬಾಗಿಲ ಬಳಿ ಹಗ್ಗದ ಮಂಚದ ಮೇಲೆ ಕೂತಿದ್ದರು. ಗುರುತು ಹಿಡಿದು ಎದ್ದು ನಿಂತು ಕೈ ಮುಗಿದರು. ನಾನು ಮಾತು ಶುರುಮಾಡಿದೆ. ಅವರು ನಗುನಗುತ್ತ ತಲೆ ಆಡಿಸುತ್ತಲೇ ಇದ್ದರು. ಒಳಗಿನಿಂದ ಅವರ ಹೆಂಡತಿ ಕೂಗಿ ಹೇಳಿದರು: "ಜೋರಾಗಿ ಹೇಳಿ ಭಾಯಿ. ಮಗ್ಗದ ಸದ್ದು ಕೇಳೀ ಕೇಳೀ ಕಿವಿ ಹೋಗಿದೆ."

ಆ ಕಿವಿ.

ಟ್ಯಾಂಕನ್ನು ಅವರ ಮುಂದಿಟ್ಟೆ. ಫೆಲ್ಟನ್ನು ಉಗುರಿನಿಂದ ಕಿತ್ತೆ. ಅವರಿಗೆ ಏನೋ ಹೊಳೆಯಿತು. ಬಗ್ಗಿ, ಬರಿಯ ತಗಡಿಗೆ ಬೆರಳ ಗೆಣ್ಣಿನಿಂದ ತಟ್ಟಿದರು. ಕಿವಿ ಕೊಟ್ಟರು. ಮತ್ತೆ ತಟ್ಟಿದರು. ಆಮೇಲೆ ಕಿವಿಯ ಆಸೆ ಬಿಟ್ಟು ಅಂಗೈಯನ್ನು ಟ್ಯಾಂಕಿನ ಮೇಲಿಟ್ಟು, ಇನ್ನೊಂದು ಕೈಯಿಂದ ತಟ್ಟಿ, ನಡುಕವನ್ನು ಅಂಗೈಯಿಂದ ಕೇಳಲು ನೋಡಿದರು. ರಾಯರು ಮುಖ ಆಚೆ ತಿರುಗಿಸಿದರು.

"ನೀನೇ ಹೇಳು" ಅಂದರು ಮನ್‌ಸುಖ್‌ಭಾಯಿ.

"ಗೋಡೆ ಹಾಕಿರಲಿಲ್ಲ" ಅಂದೆ.

"ಜೋರಾಗಿ."

"ಗೋಡೆ ಹಾಕಿರಲಿಲ್ಲ!"

"ಕೇಳಿಸಲಿಲ್ಲ."

ಕೇಳಿಸಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಮಗ್ಗಗಳ ಸದ್ದಿನ ಮೇಲೆ, ಗಂಟಲು ಹರಿಯುವ ಹಾಗೆ ಕೂಗಿದೆ: "ಗೋಡೆ ಇಲ್ಲ! ಲೋಟಾ ಇಲ್ಲ! ಸುಳ್ಳು ಹೇಳಿದೆ! ನಿಮ್ಮ ಕಾರ್ಬೊರೇಟರ್ ಸರಿ ಇತ್ತು!" ಎದುರು ಬಾಗಿಲಿನ ಹೆಂಗಸರು ಹೊರಗೆ ಬಂದರು. ಒಂದು ಶೆಡ್ಡಿನವರು ಏನಾಯಿತೋ ಎಂದು ಮಗ್ಗ ನಿಲ್ಲಿಸಿದರು.

ಅವರು ತಮ್ಮ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ಇಪ್ಪತ್ತು ವರ್ಷ ಇದನ್ನ ಬೈದೆ" ಅಂದರು. "ಇದು ಸರಿ ಇತ್ತು." ಆಮೇಲೆ ನನ್ನ ಕಡೆ ನೋಡಿ ಗದರಿದರು: "ಮೂರ್ಖ! ಬೆಸುಗೆ ಕೊಯ್ದರೆ ಇನ್ನೊಂದು ಬೆಸುಗೆ ಹಾಕಬಹುದಿತ್ತು. ನಿನ್ನ ಕೈ ಒಳ್ಳೆಯ ಕೈ ಅಂತ ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ."

ಅದೊಂದು ನನಗೆ ಗೊತ್ತಿರಲಿಲ್ಲ.

ಮಾಫಿ ಕೊಟ್ಟೆ ಅಂತ ಅವರು ಹೇಳಲಿಲ್ಲ. ಚಹಾ ಕೊಟ್ಟರು, ಅದು ಮನೆಗೆ ಬಂದವರಿಗೆಲ್ಲ ಕೊಡುವುದು. ಹೊರಡುವಾಗ ಕೇಳಿದರು: "ರಾವ್‌ಸಾಹೇಬರು ಕೇಳಿದರು. ಈ ಗಲ್ಲಿ ಕೇಳಿತು. ಸೇಠು ಸತ್ತ. ಇನ್ನು ಯಾರಿಗೆ ಹೇಳಿದ್ದೆ ಆ ಸುಳ್ಳನ್ನ?"

"ನಮ್ಮ ಜನಕ್ಕೆ. ಊಟಕ್ಕೆ ಸೇರಿದಾಗ."

"ಎಷ್ಟು ಜನ?"

"ಲೆಕ್ಕವಿಲ್ಲ."

"ಹಾಗಾದರೆ ಜೋರಾಗಿ ಹೇಳು" ಅಂದರು.

ನನಗೆ ಇದಕ್ಕಿಂತ ಜೋರಾಗಿ ಹೇಳಲು ಬರುವುದಿಲ್ಲ. ನಕ್ಕವರೆಲ್ಲ ಓದಿ. ಓದಲು ಬಾರದ ಮಕ್ಕಳಿಗೆ ಓದಿ ಹೇಳಿ. ಮನ್‌ಸುಖ್‌ಭಾಯಿಯ ಕಾರ್ಬೊರೇಟರಿಗೆ ಆ ದಿನ ಏನೂ ಆಗಿರಲಿಲ್ಲ. ಈ ಸಲದ ರಾಜ್ಯೋತ್ಸವಕ್ಕೆ ನಾನು ಬರುತ್ತೇನೆ, ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಮೈಕು ಹೇಗೂ ಕೆಡುತ್ತದೆ, ಪ್ರತಿ ವರ್ಷ ಕೆಡುತ್ತದೆ. ಆಗ ನೀವು "ರುದ್ರಪ್ಪನ ಟ್ಯಾಂಕು" ಅನ್ನಬೇಕು. ನನಗೆ ಕೇಳಿಸುವ ಹಾಗೆ ಅನ್ನಿ. ನನ್ನ ಕಿವಿ ಇನ್ನೂ ಚೆನ್ನಾಗಿದೆ.